ಶುದ್ಧ ತಳಿಯ ಮರಿಗೆ ಓರೆ ಕೊಕ್ಕು ಬಂದದ್ದು ಎಲ್ಲಿಂದ?

ಕಾಸರಗೋಡು, ಮಂಜೇಶ್ವರ ಭಾಗದ ಹಿತ್ತಿಲುಗಳಲ್ಲಿ ಕೋಳಿ ಸಾಕಣೆಗೆ ಮತ್ತೆ ಚೈತನ್ಯ ಬಂದಿದೆ. ಆದರೆ ಈಗ ಸಾಕುವವರು ಕೇಳುವುದು ಬರಿಯ ಊರಕೋಳಿಯನ್ನಲ್ಲ. ತಲಶ್ಶೇರಿ, ಅಸೀಲ್, ಕರಿಂಕೋಳಿ ಎಂಬ ಹೆಸರಿನಲ್ಲಿ ನಮ್ಮಲ್ಲಿ ಮಾರಾಟವಾಗುವ ಕಡಕ್‌ನಾಥ್ ಮೊದಲಾದ ‘ಶುದ್ಧ ತಳಿ’ಗಳನ್ನು. ಹ್ಯಾಚರಿಯಿಂದ ತಂದ ಮರಿಗಳಲ್ಲಿ ಒಂದೆರಡಕ್ಕೆ ಕೆಲವು ವಾರಗಳಲ್ಲಿ ಮೇಲಿನ ಕೊಕ್ಕು ಒಂದು ಕಡೆಗೂ ಕೆಳಗಿನದು ಇನ್ನೊಂದು ಕಡೆಗೂ ತಿರುಗಿದಾಗ ಏಳುವ ಪ್ರಶ್ನೆ ಒಂದೇ: ತಪ್ಪು ನಮ್ಮ ಆರೈಕೆಯದೋ, ಮರಿಯ ರಕ್ತದ್ದೋ? ಆರೈಕೆಯದಾದರೆ ಈ ವಾರವೇ ಸರಿಪಡಿಸಬಹುದು. ರಕ್ತದ್ದಾದರೆ ಆ ಹಿಂಡಿನಿಂದ ಮುಂದಿನ ಪೀಳಿಗೆ ಬೆಳೆಸುವ ಮೊದಲು ಬಹಳ ಯೋಚಿಸಬೇಕಾಗುತ್ತದೆ.

ಶುದ್ಧ ತಳಿಯೆಂದರೆ ತಂದೆತಾಯಿಯ ಲಕ್ಷಣಗಳೇ ಮಕ್ಕಳಲ್ಲಿಯೂ ತಪ್ಪದೆ ಮರಳಿ ಕಾಣುವ ತಳಿ. ಬೆಂಗಳೂರಿನ ಗಿರಿರಾಜ, ಹೈದರಾಬಾದಿನ ವನರಾಜ ಆ ಬಗೆಯವಲ್ಲ; ಅವು ಬೇರೆ ಬೇರೆ ವಂಶಗಳನ್ನು ಕೂಡಿಸಿ ಪಡೆದವು. ಅವುಗಳ ಮೊಟ್ಟೆಯನ್ನು ಮನೆಯಲ್ಲಿ ಕಾವಿಗಿಟ್ಟರೆ ಅದೇ ಗುಣದ ಮರಿ ಬರುವುದಿಲ್ಲ. ಉತ್ತರ ಕೇರಳದ ತಲಶ್ಶೇರಿ ಕೋಳಿಯ ಕಪ್ಪು ಮೈ, ಕತ್ತಿನ ಗರಿಗಳ ನೀಲಿ ಹೊಳಪು ಮಾತ್ರ ಮಕ್ಕಳಿಗೂ ಮೊಮ್ಮಕ್ಕಳಿಗೂ ಇಳಿಯುತ್ತವೆ. ಈ ಸ್ಥಿರತೆ ಬಂದದ್ದು ಹೊರಗಿನ ರಕ್ತಕ್ಕೆ ಬಾಗಿಲು ಮುಚ್ಚಿದುದರಿಂದ. ಮುಚ್ಚಿದ ಬಾಗಿಲಿನೊಳಗೆ ಒಳ್ಳೆಯ ಗುಣಗಳು ಉಳಿಯುವಂತೆಯೇ ಅಡಗಿದ ದೋಷಗಳೂ ಉಳಿಯುತ್ತವೆ. ಆದ್ದರಿಂದ ಶುದ್ಧವೆಂಬುದೂ ನಿರ್ದೋಷವೆಂಬುದೂ ಒಂದೇ ಮಾತಲ್ಲ.

ಹುಂಜಗಳು ಎಷ್ಟು ಕಡಿಮೆಯೋ ಅಪಾಯ ಅಷ್ಟು ಹೆಚ್ಚು. 1 ಹುಂಜ, 10 ಹೇಂಟೆಗಳ ಹಿಂಡಿನಲ್ಲಿ ರಕ್ತಸಾಮೀಪ್ಯದ ಪ್ರಮಾಣ ಪ್ರತಿ ತಲೆಮಾರಿಗೆ ಸುಮಾರು ಶೇ. 14ರಷ್ಟು ಏರುತ್ತದೆ. ಅದೇ ಅನುಪಾತದಲ್ಲಿ 4 ಹುಂಜ, 40 ಹೇಂಟೆಗಳಿದ್ದರೆ ಆ ಏರಿಕೆ ಶೇ. 3.5ರ ಒಳಗೇ ನಿಲ್ಲುತ್ತದೆ. ಒಡಹುಟ್ಟಿದ ಹುಂಜ–ಹೇಂಟೆ ಕೂಡಿದರೆ ಮರಿಗಳಲ್ಲಿ ಅದು ಒಮ್ಮೆಗೇ ಶೇ. 25. ಒಂದೇ ಹ್ಯಾಚರಿಯ ಒಂದೇ ತಂಡದಿಂದ ಒಂದು ಹುಂಜ, ಎರಡು ಹೇಂಟೆ ತಂದು ‘ತಳಿ ಬೆಳೆಸುವ’ವರು ಬಹುತೇಕ ಮಾಡುತ್ತಿರುವುದು ಇದನ್ನೇ. ಇದರ ಫಲ ಮೊದಲು ಕಾಣುವುದು ಕೊಕ್ಕಿನಲ್ಲಿ ಅಲ್ಲ. ಕಾವಿಗಿಟ್ಟ ಮೊಟ್ಟೆಗಳಲ್ಲಿ ಒಡೆಯುವವು ಕಡಿಮೆಯಾಗುತ್ತವೆ, ಮರಿಗಳು ಬಲಹೀನವಾಗಿರುತ್ತವೆ, ಹೇಂಟೆಗಳು ಇಡುವ ಮೊಟ್ಟೆಯೂ ತಗ್ಗುತ್ತದೆ.

ಹಾಗೆಂದು ಪ್ರತಿಯೊಂದು ಊನವನ್ನೂ ವಂಶದ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾಲುಗಳು ಎರಡು ಪಕ್ಕಕ್ಕೆ ಜಾರಿಹೋಗುವ ಮರಿಗಳನ್ನು ನೋಡಿದಾಗ ಮೊದಲು ಬ್ರೂಡರಿನ ನೆಲವನ್ನು ನೋಡಬೇಕು. ನುಣುಪಾದ ಪತ್ರಿಕೆಯ ಹಾಳೆ ಹಾಸಿದ್ದರೆ ಕಾರಣ ಅದೇ ಇರಬಹುದು. ಒರಟು ಗೋಣಿಬಟ್ಟೆ ಹಾಸಿ, ಮೊದಲ ದಿನಗಳಲ್ಲಿಯೇ ಎರಡು ಕಾಲುಗಳನ್ನು ಮೆತ್ತನೆಯ ಪಟ್ಟಿಯಿಂದ ಸಹಜ ಅಂತರದಲ್ಲಿ ಕಟ್ಟಿದರೆ ಅನೇಕ ಮರಿಗಳು ಚೇತರಿಸಿಕೊಳ್ಳುತ್ತವೆ. ಬೆರಳುಗಳು ಒಳಮುಖವಾಗಿ ಮಡಚಿ ಮರಿ ಮೊಣಕಾಲಿನ ಮೇಲೆ ಕುಳಿತಿದ್ದರೆ ಅದು ರೈಬೋಫ್ಲೇವಿನ್ ಎಂಬ ಬಿ2 ಜೀವಸತ್ವದ ಕೊರತೆ ಆಗಿರಬಹುದು. ತಾಯಿಕೋಳಿಯ ಆಹಾರದಲ್ಲಿಯೇ ಆ ಕೊರತೆ ಇದ್ದಿರಲೂ ಸಾಕು. ಆರಂಭದಲ್ಲಿಯೇ ನೀರಿನಲ್ಲಿ ಜೀವಸತ್ವ ಬೆರೆಸಿ ಕೊಟ್ಟರೆ ಗುಣ ಕಾಣುತ್ತದೆ. ಬೆರಳು ಪಕ್ಕಕ್ಕೆ ವಾಲಿದ್ದೂ ಮರಿ ಚೆನ್ನಾಗಿ ಓಡಾಡುತ್ತಿದ್ದರೆ, ಜೀವಸತ್ವಕ್ಕೆ ಅದು ಜಗ್ಗದಿದ್ದರೆ, ಆಗ ವಂಶವನ್ನು ಸಂಶಯಿಸಬಹುದು. ಕತ್ತು ತಿರುಚಿದ ಮರಿಯ ವಿಷಯದಲ್ಲಿ ಕಾಯುವುದೇ ಬೇಡ. ಅದು ರಾಣಿಖೇತ್ ರೋಗದ ಲಕ್ಷಣವೂ ಹೌದು. ಲಸಿಕೆ ಹಾಕಿಸದ ಹಿಂಡಾದರೆ ಅಂದೇ ಪಶುವೈದ್ಯರನ್ನು ಕಾಣಬೇಕು.

ಓರೆ ಕೊಕ್ಕಿಗೆ ಪೆಟ್ಟು, ಕಾವಿನ ಏರುಪೇರು, ಆಹಾರದ ಕೊರತೆಗಳೂ ಕಾರಣವಾಗಬಹುದು. ಆದರೆ ಅದೇ ಜೋಡಿಯ ಮರಿಗಳಲ್ಲಿ ಸಲಸಲವೂ ಮರಳಿ ಬಂದರೆ ರಕ್ತವೇ ಕಾರಣವೆಂದು ತಿಳಿಯಬೇಕು. ಹತ್ತನೆಯ ತರಗತಿಯಲ್ಲಿ ಮೆಂಡಲನ ಬಟಾಣಿ ಗಿಡಗಳನ್ನು ನಾವು ಕರಿಹಲಗೆಯ ಮೇಲೆ ಬಿಡಿಸುತ್ತೇವೆ. ಮಕ್ಕಳು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ಅದೇ ಪಾಠ ಕೋಳಿಗೂಡಿನಲ್ಲಿ ನಡೆಯುತ್ತಿದೆಯೆಂದು ಯಾವ ಪಠ್ಯವೂ ಹೇಳುವುದಿಲ್ಲ! ಅಡಗಿರುವ ಒಂದೇ ವಂಶವಾಹಿಯಿಂದ ಬರುವ ದೋಷವಾದರೆ, ಅದು ಹೊರಗೆ ಕಾಣಲು ತಂದೆ ತಾಯಿ ಇಬ್ಬರಿಂದಲೂ ಬಂದಿರಬೇಕು, ಹುಂಜವೊಂದನ್ನೇ ದೂರುವಂತಿಲ್ಲ. ಅಂಥ ಜೋಡಿಯ ಮರಿಗಳಲ್ಲಿ ಸರಾಸರಿ 4ರಲ್ಲಿ 1ಕ್ಕೆ ದೋಷ ಕಾಣುತ್ತದೆ. ಉಳಿದ ಮೂರು ನೋಡಲು ಚೆನ್ನಾಗಿಯೇ ಇರುತ್ತವೆ, ಆದರೆ ಅವುಗಳಲ್ಲಿ ಎರಡು ಆ ದೋಷವನ್ನು ಒಳಗೆ ಹೊತ್ತಿರುತ್ತವೆ. ಓರೆ ಕೊಕ್ಕಿನ ಮರಿಯನ್ನಷ್ಟೇ ತೆಗೆದುಹಾಕಿದರೆ ಹಿಂಡು ಶುದ್ಧವಾಗದಿರುವುದು ಇದರಿಂದಲೇ.

ಸಂಶಯದ ಹುಂಜವನ್ನು ಪರೀಕ್ಷಿಸುವ ದಾರಿ ಉಂಟು. ದೋಷವನ್ನು ಹೊತ್ತಿದೆಯೆಂದು ಈಗಾಗಲೇ ಗೊತ್ತಿರುವ ಹೇಂಟೆಯೊಂದಿಗೆ ಅದನ್ನು ಕೂಡಿಸಿ ಮರಿಗಳನ್ನು ಎಣಿಸಬೇಕು. ಸತತ 11 ಮರಿಗಳು ಸರಿಯಾಗಿ ಬಂದರೆ ಶೇ. 95, 16 ಬಂದರೆ ಸುಮಾರು ಶೇ. 99ರಷ್ಟು ಧೈರ್ಯದಿಂದ ಹುಂಜ ನಿರ್ದೋಷಿಯೆನ್ನಬಹುದು. ಹಲವು ವಂಶವಾಹಿಗಳು ಸೇರಿ ಉಂಟುಮಾಡುವ ದೋಷಗಳಿಗೆ ಈ ಲೆಕ್ಕ ಒಗ್ಗುವುದಿಲ್ಲ.

ಕೆಲವು ಅಲಂಕಾರದ ಕೋಳಿಗಳಲ್ಲಿ ದೋಷವೇ ಅಂದವೆನಿಸಿಕೊಂಡಿದೆ. ಜಪಾನಿ ಬ್ಯಾಂಟಮ್ ಕೋಳಿಯ ಗಿಡ್ಡ ಕಾಲು ಅಂಥದು. ಎರಡು ಗಿಡ್ಡ ಕಾಲಿನವು ಕೂಡಿದರೆ ನಾಲ್ಕರಲ್ಲಿ ಒಂದು ಭ್ರೂಣ ಮೊಟ್ಟೆಯೊಳಗೇ ಸಾಯುತ್ತದೆ. ಸಾಕಿದವರು ಕಾವು ಕೂತ ಹೇಂಟೆಯನ್ನು ಬೈಯುತ್ತಾರೆ. ಬಣ್ಣವೂ ಸಾಕ್ಷಿಯಲ್ಲ. ಕಡಕ್‌ನಾಥ್ ಹುಂಜವನ್ನು ತಿಳಿ ಚರ್ಮದ ಊರ ಹೇಂಟೆಗೆ ಬಿಟ್ಟರೆ ಹೆಣ್ಣುಮರಿಗಳು ತಂದೆಯಂತೆ ಕಪ್ಪಗೇ ಹುಟ್ಟಬಹುದು. ಅವನ್ನು ಶುದ್ಧವೆಂದು ಮಾರಿದರೆ ಕೊಂಡವರಿಗೆ ಗೊತ್ತಾಗುವುದು ಮುಂದಿನ ಪೀಳಿಗೆಯಲ್ಲಿ ಬಣ್ಣ ಚದುರಿದಾಗ ಮಾತ್ರ.

ಆದ್ದರಿಂದ ಮರಿ ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದುದು, ತಾಯಿಹಿಂಡಿನಲ್ಲಿ ಹುಂಜಗಳೆಷ್ಟು, ಅವು ಎಲ್ಲಿಂದ ಬಂದವು, ಒಡಹುಟ್ಟಿದವುಗಳನ್ನು ಬೇರ್ಪಡಿಸುವ ದಾಖಲೆ ಉಂಟೋ ಎಂಬುದು. ಉತ್ತರವಿಲ್ಲದಿದ್ದರೆ ಆ ಮರಿ ಮೊಟ್ಟೆಗೋ ಮಾಂಸಕ್ಕೋ ಆಗಬಹುದು, ತಳಿಗಲ್ಲ. ಮಲಯಾಳದಲ್ಲಿ ಮಾತ್ರ ಮುದ್ರಿಸಿದ ಲಸಿಕೆ ಚೀಟಿ ಕೈಗೆ ಬಂದಾಗ ನಮ್ಮ ಹಿರಿಯರು ಮಡಚಿ ಕಿಸೆಗೆ ಹಾಕಿಕೊಳ್ಳುವುದುಂಟು, ಹಾಗೆ ಮಾಡಬೇಕಾಗಿಲ್ಲ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಲು ಅವಕಾಶ ನೀಡಿದೆ. ಪಶುವೈದ್ಯಕೀಯ ಇಲಾಖೆಗೆ ವಿವರ ಕೋರಿಯೂ ದೂರು ಕೊಟ್ಟೂ ಕನ್ನಡದಲ್ಲಿಯೇ ಬರೆಯಬಹುದು.

ಹಿಂಡನ್ನು ಕಾಯುವ ಉತ್ತಮ ವಿಧಾನಕ್ಕೆ ಹಣ ಬೇಡ, ನೆರೆಹೊರೆ ಬೇಕು. ಮೂರು ಮನೆಗಳು ಬೇರೆ ಬೇರೆ ಮೂಲದಿಂದ ಒಂದೇ ತಳಿಯ ಮರಿ ತರಲಿ. ಹೆಣ್ಣುಮರಿಗಳು ಹುಟ್ಟಿದ ಮನೆಯಲ್ಲೇ ಉಳಿಯಲಿ. ಪ್ರತಿ ತಲೆಮಾರಿಗೂ ಮೊದಲ ಮನೆಯ ಎಳೆ ಹುಂಜಗಳು ಎರಡನೆಯದಕ್ಕೆ, ಎರಡನೆಯದರವು ಮೂರನೆಯದಕ್ಕೆ, ಮೂರನೆಯದರವು ಮೊದಲನೆಯದಕ್ಕೆ ಹೋಗಲಿ. ಯಾವ ಮರಿ ಯಾರದೆಂದು ತಿಳಿಯಲು, ಹುಟ್ಟಿದ ದಿನವೇ ಬೆರಳುಗಳ ನಡುವಿನ ತೆಳು ಪೊರೆಯಲ್ಲಿ ಸಣ್ಣ ತೂತು ಮಾಡುವ ಪದ್ಧತಿಯಿದೆ. ಎರಡು ಕಾಲುಗಳಲ್ಲಿ ಒಟ್ಟು 4 ಪೊರೆ. ತೂತು ಇದ್ದು, ಇಲ್ಲದೆ 16 ಬಗೆಯ ಗುರುತು ಸಿಗುತ್ತದೆ. ಗುರುತನ್ನು ಹಳೆಯ ನೋಟುಪುಸ್ತಕವೊಂದರಲ್ಲಿ ಬರೆದಿಡಬೇಕು.

ಇನ್ನು ಓರೆ ಕೊಕ್ಕಿನ ಆ ಮರಿ. ಕುಕ್ಕಿ ತಿನ್ನಲಾರದು, ಬಾಯಿ ತುಂಬ ಬಾಚಿ ತಿನ್ನಬಲ್ಲದು. ಆಳವಾದ ಪಾತ್ರೆಯಲ್ಲಿ ನೆನೆಸಿದ ಆಹಾರವನ್ನು ಇತರ ಕೋಳಿಗಳಿಂದ ದೂರವಿಟ್ಟು ಕೊಟ್ಟರೆ ಅದು ಬೆಳೆಯುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆ ಮೊಟ್ಟೆ ಅಡುಗೆಮನೆಗೆ ಹೋಗಲಿ, ಕಾವಿಗೆ ಬೇಡ.