ಜಠರಕ್ಕೆ ಇಬ್ಬರು ದೂತರು

ಒಗ್ಗರಣೆಯ ಕಂಪು ಮೂಗಿಗೆ ಸೋಕಿದೊಡನೆ ಬಾಯಲ್ಲಿ ನೀರೂರುವುದು ಎಲ್ಲರೂ ಬಲ್ಲ ಸಂಗತಿ. ಅದೇ ಹೊತ್ತಿಗೆ ಜಠರವೂ ರಸವನ್ನು ಸ್ರವಿಸತೊಡಗುತ್ತದೆ. ಅನ್ನವಿನ್ನೂ ಎಲೆಯ ಮೇಲಿರುವಾಗಲೇ ಅದರ ಆಗಮನವನ್ನು ಜಠರಕ್ಕೆ ತಿಳಿಸಿದವರಾರು?

ಇದಕ್ಕೆ ಉತ್ತರವನ್ನು ಅರಸಿದವನು ರಷ್ಯದ ಇವಾನ್ ಪಾವ್ಲೋವ್. ನಾಯಿಯೊಂದರ ಅನ್ನನಾಳವನ್ನು ಕುತ್ತಿಗೆಯ ಬಳಿ ಕತ್ತರಿಸಿ, ನುಂಗಿದ ಆಹಾರವೆಲ್ಲ ಹೊರಗೇ ಬೀಳುವಂತೆ ಅವನು ಏರ್ಪಡಿಸಿದನು. ಜಠರಕ್ಕೆ ಒಂದು ತುಣುಕೂ ತಲುಪಲಿಲ್ಲ. ಆದರೂ ಅಲ್ಲಿ ರಸ ಹರಿಯಿತು. ಮಿದುಳಿನಿಂದ ಜಠರಕ್ಕೆ ಇಳಿದುಬರುವ ವೇಗಸ್ ನರವನ್ನು ಕತ್ತರಿಸಿದಾಗ ಆ ಹರಿವು ನಿಂತುಹೋಯಿತು. ಮೊದಲ ದೂತನು ನರವೆಂಬುದು ಸಿದ್ಧವಾಯಿತು. 1904ರಲ್ಲಿ ಪಾವ್ಲೋವನಿಗೆ ನೊಬೆಲ್ ಪಾರಿತೋಷಕ ಸಂದಿತು.

ಆದರೆ ದೂತನು ಅವನೊಬ್ಬನೇ ಅಲ್ಲ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್, ಕರುಳಿನ ಒಳಪೊರೆಯಿಂದ ಹೊರಟು ರಕ್ತದ ಮೂಲಕವೇ ಮೇದೋಜೀರಕ ಗ್ರಂಥಿಯನ್ನು ಎಚ್ಚರಿಸುವ ಸೆಕ್ರಿಟಿನ್ ಎಂಬ ದ್ರವ್ಯವನ್ನು ಕಂಡುಹಿಡಿದರು. ಇಂಥ ದ್ರವ್ಯಗಳಿಗೆ 1905ರಲ್ಲಿ ಸ್ಟಾರ್ಲಿಂಗ್ ಹಾರ್ಮೋನ್ ಎಂಬ ಹೆಸರನ್ನು ಬಳಕೆಗೆ ತಂದನು. ಅದೇ ವರ್ಷ ಜಾನ್ ಎಡ್ಕಿನ್ಸ್, ಜಠರದ ಕೆಳಭಾಗದ ಒಳಪೊರೆಯಲ್ಲಿಯೂ ಅಂಥದೊಂದು ದ್ರವ್ಯವಿದೆಯೆಂದು ಸಾರಿ, ಅದನ್ನು ಗ್ಯಾಸ್ಟ್ರಿನ್ ಎಂದು ಕರೆದನು.

ಬಹುಕಾಲ ವಿದ್ವಾಂಸರು ಅವನನ್ನು ನಂಬಲಿಲ್ಲ. ಹಿಸ್ಟಮಿನ್ ಎಂಬ ದ್ರವ್ಯವೂ ಜಠರದಲ್ಲಿ ಆಮ್ಲವನ್ನು ಸುರಿಸಬಲ್ಲುದೆಂದು ತಿಳಿದ ಮೇಲಂತೂ, ಎಡ್ಕಿನ್ಸ್ ಕಂಡದ್ದು ಅದನ್ನೇ ಎಂದು ಅನೇಕರು ತಳ್ಳಿಹಾಕಿದರು. 1940ರಲ್ಲಿ ಅವನು ತೀರಿಕೊಂಡನು. 1964ರಲ್ಲಿ ಲಿವರ್‌ಪೂಲಿನ ಗ್ರೆಗರಿ ಮತ್ತು ಟ್ರೇಸಿ ಹಂದಿಯ ಜಠರದಿಂದ ಗ್ಯಾಸ್ಟ್ರಿನ್ನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ, ಅವನ ಮಾತನ್ನು ಸ್ಥಿರಪಡಿಸಿದರು. ಅವನಿಗೆದುರಾಗಿ ಸಾಕ್ಷಿ ನುಡಿದ ಹಿಸ್ಟಮಿನ್, ಗ್ಯಾಸ್ಟ್ರಿನ್ನಿನ ಸಹಾಯಕನೆಂದೇ ಮುಂದೆ ತಿಳಿದುಬಂದಿತು!

ಈ ಇಬ್ಬರು ದೂತರು ಕೂಡಿಯೇ ಕೆಲಸ ಮಾಡುತ್ತಾರೆ. ನರವು ಕ್ಷಣದಲ್ಲಿ ಸುದ್ದಿ ಮುಟ್ಟಿಸುತ್ತದೆ. ಆಹಾರ ಬಂದಿಳಿದು ಅದರ ಪ್ರೋಟೀನು ಕರಗತೊಡಗಿದಾಗ, ಗ್ಯಾಸ್ಟ್ರಿನ್ ರಕ್ತವನ್ನು ಸೇರಿ, ದೇಹವನ್ನು ಸುತ್ತಿಬಂದು, ಜಠರಕ್ಕೇ ಮರಳಿ ಆಮ್ಲವನ್ನು ಹೆಚ್ಚಿಸುತ್ತದೆ. ಆ ಆಮ್ಲದಿಂದ ಪೆಪ್ಸಿನೋಜೆನ್ ಎಂಬ ನಿಷ್ಕ್ರಿಯ ದ್ರವ್ಯವು ಪೆಪ್ಸಿನ್ ಎಂಬ ಕಿಣ್ವವಾಗಿ ಮಾರ್ಪಟ್ಟು ಪ್ರೋಟೀನನ್ನು ಒಡೆಯುತ್ತದೆ. ಆಮ್ಲ ಮಿತಿಮೀರಿದರೆ ಸೊಮಾಟೊಸ್ಟಾಟಿನ್ ಎಂಬ ಮತ್ತೊಂದು ಹಾರ್ಮೋನ್ ಗ್ಯಾಸ್ಟ್ರಿನ್ನನ್ನು ತಡೆಯುತ್ತದೆ. ಆಮ್ಲ ಕರುಳಿಗಿಳಿದಾಗ ಸೆಕ್ರಿಟಿನ್ ಸಹ ಸಾಕೆನ್ನುತ್ತದೆ.

ಈ ಕಡಿವಾಣವಿಲ್ಲದಿದ್ದರೆ ಆಗುವ ಅನಾಹುತ ಅಲ್ಪವಲ್ಲ. 1955ರಲ್ಲಿ ಅಮೆರಿಕದ ಜೋಲಿಂಜರ್ ಮತ್ತು ಎಲಿಸನ್ ವರ್ಣಿಸಿದ ರೋಗದಲ್ಲಿ, ಗಡ್ಡೆಯೊಂದು ಎಡೆಬಿಡದೆ ಗ್ಯಾಸ್ಟ್ರಿನ್ನನ್ನು ಸುರಿಸುತ್ತದೆ. ಉಕ್ಕಿದ ಆಮ್ಲವು ಜಠರವನ್ನೂ ಕರುಳನ್ನೂ ಹುಣ್ಣಾಗಿಸುತ್ತದೆ. ಅನ್ನವನ್ನು ಅರಗಿಸುವ ರಸವು ಅನ್ನದ ಮನೆಯನ್ನು ಸುಡದಂತೆ ಕಾಯುವುದು, ಹೊತ್ತರಿತು ಸುರಿಸಿ ಹೊತ್ತರಿತು ನಿಲ್ಲಿಸುವ ಈ ದೂತರ ವಿವೇಕವೇ.