ಬಣ್ಣ ನೋಡಿ, ಬುಡವನ್ನೂ ನೋಡಿ

ಪದ್ಮನಾಭನಗರದಲ್ಲಿ ಹಳೇ ಮನೆ ಕೆಡವುವ ಸದ್ದು ಈಗ ನಿಲ್ಲುವುದೇ ಇಲ್ಲ. ಸೈಟು ಕೊಂಡು ಸಾಲ ಮಾಡಿ ಕಟ್ಟಿದ ಒಂಟಿ ಮನೆಗಳು ಹೋಗಿ ಅಪಾರ್ಟ್‌ಮೆಂಟ್ ಏಳುತ್ತಿವೆ. ಮನೆ ಖಾಲಿ ಮಾಡುವಾಗ ಹಿತ್ತಾಳೆಗೆ, ತಾಮ್ರಕ್ಕೆ ತೂಕದ ಬೆಲೆ ಸಿಗುತ್ತದೆ. ಷೋಕೇಸಿನ ಗಾಜಿನ ನೀಲಿ ಹೂದಾನಿ, ಹಸಿರು ಬಟ್ಟಲು, ದೀಪದ ಕೆಂಪು ಬುರುಡೆ ಮಾತ್ರ ಗೋಣಿಚೀಲ ಸೇರಿ ಗುಜರಿಗೆ ಹೋಗುತ್ತವೆ. ಅಲ್ಲಿ ಉಳಿದಿದ್ದು ಒಂದು ಭಾನುವಾರ ಚಿಕ್ಕಪೇಟೆಯ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತಲ ಸಂಡೆ ಬಜಾರಿನಲ್ಲಿ ನೆಲದ ಮೇಲೆ ಕಾಣಿಸಬಹುದು. ಬನಶಂಕರಿಯಿಂದ ಮೆಟ್ರೊ ಹತ್ತಿ ಬೆಳಿಗ್ಗೆ ಬೇಗ ಹೋಗಬೇಕು, ಅಷ್ಟೆ.

ಮೊದಲು ಬುಡ ತಿರುಗಿಸಿ. ಊದಿ ಮಾಡಿದ ಗಾಜಿನ ತಳದಲ್ಲಿ ಕಬ್ಬಿಣದ ಸರಳು ಬಿಡಿಸಿದ ಒರಟು ಗುರುತೋ, ಅದನ್ನು ಉಜ್ಜಿದ ನುಣುಪು ಗುಳಿಯೋ ಇರಬಹುದು. ಅಚ್ಚಿನಲ್ಲಿ ಒತ್ತಿದ್ದಾದರೆ ಪಕ್ಕದಲ್ಲಿ ಸಣ್ಣ ಗೆರೆ ಬೆರಳಿಗೆ ತಾಕುತ್ತದೆ. ವರ್ಷಗಟ್ಟಲೆ ಮೇಜಿನ ಮೇಲೆ ಕೂತ ಪಾತ್ರೆಯ ತಳದ ಅಂಚಿನಲ್ಲಿ ಸವೆತದ ಗೀರುಗಳು ದಿಕ್ಕಿಲ್ಲದೆ ಹರಡಿರುತ್ತವೆ. ಎಲ್ಲ ಒಂದೇ ದಿಕ್ಕಿಗಿದ್ದರೆ ಯಾರೋ ಮರಳುಕಾಗದ ಉಜ್ಜಿದ್ದಾರೆಂದು ಅನುಮಾನಿಸಿ. ‘ಮೇಡ್ ಇನ್ ಚೆಕೊಸ್ಲೊವಾಕಿಯಾ’ ಎಂದಿದ್ದರೆ ಕಾಲ ತಾನಾಗಿ ಸಿಕ್ಕಿತು: ಆ ದೇಶ ಹುಟ್ಟಿದ್ದು 1918ರಲ್ಲಿ, ಒಡೆದದ್ದು 1992 ಮುಗಿದಾಗ.

ಬಣ್ಣದ ಗುಟ್ಟು ಲೋಹದಲ್ಲಿದೆ. ಕೋಬಾಲ್ಟ್‌ನಿಂದ ಗಾಢ ನೀಲಿ, ಮ್ಯಾಂಗನೀಸ್‌ನಿಂದ ನೇರಳೆ, ಕಬ್ಬಿಣದಿಂದ ಹಸಿರು, ಚೂರೇ ಚೂರು ಚಿನ್ನದಿಂದ ಮಾಣಿಕ್ಯದ ಕೆಂಪು. ಕೆಲವು ಕೆಂಪು ಗಾಜಿನಲ್ಲಿ ಬಣ್ಣ ತೆಳುವಾದ ಪದರ ಮಾತ್ರ, ಕೆಳಗೆ ಬಿಳಿ ಗಾಜು. ಬಾಯಿಯ ಅಂಚನ್ನು ಬೆಳಕಿಗೆ ಹಿಡಿದರೆ ಎರಡೂ ಬೇರೆ ಬೇರೆ ಕಾಣುತ್ತವೆ. ಅದು ಮೋಸವಲ್ಲ, ಬೊಹೀಮಿಯಾದವರ ಕುಶಲತೆ. ಉಗುರಿಗೆ ಕಿತ್ತು ಬರುವ ಪೇಂಟು ಮಾತ್ರ ಮೋಸ. ನಿಯೋಡಿಮಿಯಂ ಬೆರೆತ ಗಾಜು ಇನ್ನೂ ಸೊಗಸು: ಬಿಸಿಲಲ್ಲಿ ತಿಳಿ ನೇರಳೆ, ಟ್ಯೂಬ್‌ಲೈಟಿನ ಕೆಳಗೆ ಮಬ್ಬು ನೀಲಿ.

ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚೊಂದು ಜೇಬಿನಲ್ಲಿರಲಿ. ಹಳದಿ-ಹಸಿರು ಗಾಜು ಅದರಡಿ ಕಣ್ಣು ಕುಕ್ಕುವ ಹಸಿರಾಗಿ ಹೊಳೆದರೆ ಅದರಲ್ಲಿ ಯುರೇನಿಯಂ ಇದೆ. ಬೊಹೀಮಿಯಾದ ರೀಡೆಲ್ ಮನೆತನ 1830ರ ದಶಕದಲ್ಲೇ ಇಂಥ ಗಾಜು ಮಾಡುತ್ತಿತ್ತು. ಮಂಕು ಹಸಿರಾದರೆ ಮ್ಯಾಂಗನೀಸ್ ಇದ್ದೀತು. ಎರಡನೇ ಮಹಾಯುದ್ಧದ ಹೊತ್ತಿಗೆ ಯುರೇನಿಯಂ ಸರ್ಕಾರಗಳ ಹಿಡಿತಕ್ಕೆ ಹೋಯಿತು. ಆದರೂ ಆಮೇಲೆ ಒಂದಿಷ್ಟು ತಯಾರಾಗಿದೆ, ಹಾಗಾಗಿ ಹೊಳಪೊಂದನ್ನೇ ನಂಬಿ ವಯಸ್ಸು ಕಟ್ಟಬೇಡಿ. ಷೋಕೇಸಿನಲ್ಲಿಡಲು ಭಯವಿಲ್ಲ, ಮಜ್ಜಿಗೆ, ಪಾನಕ ಹಾಕಿ ಕುಡಿಯುವುದು ಬೇಡ.

ಒದ್ದೆ ಗಾಜನ್ನು ಕೊಳ್ಳಬೇಡಿ. ಒಳಗಿನ ಬಿಳಿ ಮಸುಕು ನೀರೋ ಎಣ್ಣೆಯೋ ತಾಕಿದಾಗ ಮಾಯವಾಗಿ ಒಣಗಿದೊಡನೆ ಮರಳುತ್ತದೆ. ಬೋರ್‌ವೆಲ್ ನೀರಿನ ಸುಣ್ಣವಾಗಿದ್ದರೆ ನಿಂಬೆರಸಕ್ಕೋ ವಿನೆಗರಿಗೋ ಬಿಡುತ್ತದೆ. ಗಾಜೇ ಕೊರೆದುಹೋಗಿದ್ದರೆ ಏನು ಮಾಡಿದರೂ ಹೋಗದು.

ನನ್ನ ಮಟ್ಟಿಗೆ ಬಜಾರಿಗಿಂತ ಒಳ್ಳೆಯ ಜಾಗ ಪಕ್ಕದ ಬೀದಿ. ಮನೆ ಕೆಡವುತ್ತಾರೆಂದು ತಿಳಿದರೆ ಗುಜರಿಯವರಿಗಿಂತ ಮೊದಲು ಹೋಗಿ ಕೇಳಿ. ಆಗ ಗಾಜಿನ ಜೊತೆ ಅದರ ಕಥೆಯೂ ಸಿಗುತ್ತದೆ: ಯಾರ ಮದುವೆಯ ಉಡುಗೊರೆ, ಯಾವ ಅಂಗಡಿಯದು, ದಸರಾ ಗೊಂಬೆಗಳ ಯಾವ ಮೆಟ್ಟಿಲಿನಲ್ಲಿ ಕೂರುತ್ತಿತ್ತು. ಗೋಣಿಚೀಲಕ್ಕೆ ಬಿದ್ದ ಮೇಲೆ ಅದನ್ನು ಹೇಳುವವರಿಲ್ಲ. ಕೇಳಿದ್ದನ್ನು ಅಂದೇ ಬರೆದಿಡಿ. ಗೋಲಿ ಸೋಡಾ ಬಾಟ್ಲಿಯನ್ನೂ ಕಡೆಗಣಿಸಬೇಡಿ. ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1870ರ ದಶಕದಲ್ಲಿ ಪೇಟೆಂಟ್ ಪಡೆದ ವಿನ್ಯಾಸವದು, ಮೈಮೇಲೆ ಕೆಲವೊಮ್ಮೆ ಊರು, ಕಂಪನಿಯ ಹೆಸರು ಉಬ್ಬಿರುತ್ತದೆ.

ಅಮೆರಿಕದಲ್ಲಿರುವ ಮಗಳಿಗೆ ಅಜ್ಜಿಯ ದೀಪದ ಬುರುಡೆ ಕಳಿಸುವ ಆಸೆಯಿದ್ದವರು ಗಮನಿಸಿ: 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದೇ ಪ್ಯಾಕ್ ಮಾಡಿ.