ಪತ್ರಿಕೆಯಿಂದ ಹೊಲದವರೆಗೆ: ಕೊಡಗಿನ ಮೋಗ್ಲಿಂಗ್

ಕನ್ನಡದ ಮೊದಲ ಪತ್ರಿಕೆ ತಂದವರು ಆಮೇಲೆ ಎಲ್ಲಿಗೆ ಹೋದರು ಗೊತ್ತಾ? ಕೊಡಗಿಗೆ!

ಹೆಸರು ಹರ್ಮನ್ ಮೋಗ್ಲಿಂಗ್. ಜರ್ಮನಿಯಿಂದ ಬಂದ ಬಾಸೆಲ್ ಮಿಷನ್ ಪಾದ್ರಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದರು. ಅಷ್ಟು ಹೆಸರಿದ್ದರೂ 1850ರ ದಶಕದಲ್ಲಿ ಘಟ್ಟ ಹತ್ತಿದರು.

ಆಗ ಕೊಡಗಿನಲ್ಲಿ ದಲಿತ ಕುಟುಂಬಗಳು ತಲೆಮಾರುಗಳಿಂದ ಒಡೆಯರ ಗದ್ದೆಗಳಲ್ಲಿ ಜೀತಕ್ಕಿದ್ದವು. ಈ ಕುಟುಂಬಗಳಿಗಾಗಿ ಮೋಗ್ಲಿಂಗ್ ಆನಂದಪುರ ಎಂಬ ಊರನ್ನೇ ಕಟ್ಟಿದರು. ದುಡಿಯಲು ನೆಲ, ಇರಲು ಮನೆ. ಮತಪ್ರಚಾರವೂ ಅವರ ಉದ್ದೇಶವಾಗಿತ್ತು, ಮುಚ್ಚಿಡುವುದೇನಿಲ್ಲ. ಆದರೆ ಹೆಸರು ಮಾಡಿದ ವಿದ್ವಾಂಸರೊಬ್ಬರು ಊರಿನ ತೀರಾ ಕೆಳಗಿನವರ ಪಕ್ಕ ಬದುಕಲು ಹೋದದ್ದೂ ಅಷ್ಟೇ ನಿಜ.

ಕೆಳಗಿನವರ ಪಕ್ಕ ನಿಲ್ಲುವ ಈ ಯೋಚನೆಯ ಬೇರು ಬೈಬಲ್‌ನಲ್ಲಿದೆ. ಕೊನೆಯ ಊಟದ ರಾತ್ರಿ ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ. ಅದು ಆ ಕಾಲದಲ್ಲಿ ಆಳಿನ ಕೆಲಸ. ಅದರ ನೆನಪಿಗೇ ಪವಿತ್ರ ಗುರುವಾರ ಕ್ಯಾಥೊಲಿಕ್ ಚರ್ಚುಗಳಲ್ಲಿ ಗುರುಗಳು ಭಕ್ತರ ಪಾದ ತೊಳೆಯುತ್ತಾರೆ.

ವರ್ಷಕ್ಕೊಮ್ಮೆ ಪಾದ ತೊಳೆಯುವುದು ಸುಲಭ. ಉಳಿದ ದಿನ ಯಾರ ಜೊತೆ ನಿಲ್ಲುತ್ತೀರಿ? ಜನರ ಸೇವಕರು ಎನ್ನುವ ನಾಯಕರನ್ನು ಕೇಳಬೇಕಾದ ಪ್ರಶ್ನೆ ಇದೇ.